ಮಾವನ ಹಂಡೆ, ಮೀರಾಬಾಯಿ ನೀರು

ಔರಾದ ದವಾಖಾನಿ ನರ್ಸ ಮೀರಾಬಾಯಿ ಅಂದ್ರ ಗಿಡ್ಡ ಆಳು, ದೊಡ್ಡ ಬಾಯಿ. ನಿಜಾಮನ ಕಾಲದಾಗ ಬೀದರದಾಗ ಉರ್ದೂದಾಗೇ ನರ್ಸ ಕೆಲಸ ಕಲತಾಕಿ. ಬೈಗುಳ ಮಾತ್ರ ಕನ್ನಡ, ಮರಾಠಿ, ಉರ್ದೂ ಮೂರರಾಗೂ ಬರ್ತಿದ್ವು. ತಾಲೂಕಿನ ಅರ್ಧ ಕೂಸುಗೋಳು ಆಕಿ ಕೈಯಾಗೇ ಹುಟ್ಟ್ಯಾವ. ಹಡಿಯೂ ಹೊತ್ತಿನಾಗ ಯಾರೂ ಆಕಿ ಜಾತಿ ಕೇಳ್ತಿರಲಿಲ್ಲ. ಹಡದ ಮ್ಯಾಲ ಆಕಿನ್ನ ಹೊಸ್ತಿಲಾಚಿ ಕೂಡಸಿ, ಉಡಿಯಾಗ ಮ್ಯಾಲಿಂದ ಜ್ವಾಳ ಸುರೀತಿದ್ರು. ಐವತ್ತಾರನೇ ಇಸ್ವಿ ದಸರಾ ಆದ ಮ್ಯಾಲ ಆಕಿ ಮನಿಯವರೆಲ್ಲ ಬೌದ್ಧ ದೀಕ್ಷಾ ತೊಗೊಂಡ್ರು. "ಇನ್ನ ಮುಂದ ಹೊಸ್ತಿಲಾಚಿ ಕೂಡೂದಿಲ್ಲ" ಅಂತ ಊರೂರಿಗಿ ಹೇಳಿಬಿಟ್ಟಳು. ನಮ್ಮ ಮಾವಗ ಆ ಮಾತು ಭಾಳ ಕಡೀತು.

ನಮ್ಮ ಮಾವ ಅಂದ್ರ ಡಾಬಕಾದ ಭಾಲಚಂದ್ರ ಪಾಟೀಲರು. ನಾ ನಲಿನಿ, ಅವರ ಸೊಸಿ. ಆಗ ಮದಿವ್ಯಾಗಿ ಎರಡೇ ವರ್ಷ, ಬಾಯಿ ಇದ್ದೂ ಇಲ್ಲದಾಕಿ. ಆಗಿನ ಬಾಕಿನೂ ಸೇರಿಸಿ ಈಗ ಮಾತಾಡ್ತೇನಿ, ಕೇಳ್ರಿ.

ನಾವು ಮೈಸೂರ ರಾಜ್ಯಕ್ಕ ಸೇರಿ ಎರಡ ತಿಂಗಳಾಗಿತ್ತು. ಔರಾದಕ್ಕ ಮೈಸೂರ ಕಡಿಯಿಂದ ಹೊಸ ತಹಶೀಲ್ದಾರ ಸಾಹೇಬ್ರು ಬಂದಿದ್ರು. ಅವರ ಕನ್ನಡ ನಮಗ ತಿಳೀತಿರಲಿಲ್ಲ, ನಮ್ಮದು ಅವರಿಗಿ ತಿಳೀತಿರಲಿಲ್ಲ. ಮಾವ ಎಲ್ಲಾದಕ್ಕೂ "ಜೀ ಹುಜೂರ್" ಅಂತಿದ್ರು. ಎಳ್ಳ ಅಮಾಸಿಗಿ ನಮ್ಮ ಹೊಲಕ್ಕ ಊಟಕ್ಕ ಬರ್ರಿ ಅಂತ ಕರದೂ ಬಂದ್ರು. ಎಳ್ಳ ಅಮಾಸಿ ದಿನ ನಮ್ಮಲ್ಲಿ ಯಾರೂ ಮನ್ಯಾಗ ಉಣ್ಣಂಗಿಲ್ಲ. ಎಲ್ಲಾರೂ ಹೊಲದಾಗೇ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಂಡು, ಜ್ವಾಳದ ಹಿಟ್ಟಿಗಿ ಮಜ್ಜಿಗಿ ಕೂಡಿಸಿ ಹುಳಿ ಬರಿಸಿದ ಅಂಬಲಿ ಕುಡಿಯೂದು.

ಅಂಬಲಿ ಯಾವಾಗಲೂ ಮಣ್ಣಿನ ಗಡಗ್ಯಾಗೇ ಇಡ್ತಿದ್ವಿ. ಮಾವ ಒದರಿದ್ರು: "ಮೈಸೂರ ಸಾಹೇಬ್ರಿಗಿ ಮಣ್ಣಿನ ಗಡಗಿ ತೋರಸ್ತೀರೇನು? ನನ್ನ ಮರ್ಯಾದಿ ಏನಾಗಬೇಕು?" ಅಟ್ಟದ ಮ್ಯಾಲಿನ ತಾಮ್ರದ ಹಂಡೆ ಇಳಿಸಿದ್ರು. ಅದರ ಒಳಗಿನ ತವರದ ಕಲಾಯಿ ಹೋಗಿ ಯಾವ ಕಾಲಾಗಿತ್ತೋ! ನಮ್ಮತ್ತಿ ಕಾವೇರಿಬಾಯಿ, "ಕಲಾಯಿ ಹಾಕೂ ಸುಭಾನಗ ಕರಸೂಣ್ರಿ" ಅಂದ್ರು. "ಹುಣಸಿಹಣ್ಣ ಹಚ್ಚಿ ತಿಕ್ಕು, ಬಂಗಾರ ಆಗ್ತದ" ಅಂದ್ರು ಮಾವ. ತಿಕ್ಕಿದ್ವಿ. ಹೊರಗ ಬಂಗಾರೇ ಆಯ್ತು. ಎರಡ ದಿನ ಅಂಬಲಿ ಅದರಾಗೇ ಹುಳಿ ಬಂತು.

ಹೊಲದಾಗ ಸಾಹೇಬ್ರು ಒಂದ ಗುಟುಕ ಕುಡದು ಮಾರಿ ಕಿವಿಚಿದ್ರು. "ಒಂಥರಾ ಒಗರು ಇದೆಯಲ್ರೀ?"

"ನಮ್ಮ ಕಡಿ ರುಚೀನೇ ಹಂಗರಿ ಹುಜೂರ್" ಅಂತ ಮಾವ ಆರು ಗ್ಲಾಸು ಏರಿಸಿ ತೋರಿಸಿದ್ರು. ಸಾಹೇಬ್ರೂ ದಾಕ್ಷಿಣ್ಯಕ್ಕ ಎರಡು ಕುಡದ್ರು. ತಾಸಿನೊಳಗ ವಾಂತಿ ಭೇದಿ ಹತ್ತಿ ಕುಡದವರೆಲ್ಲಾ ಜ್ವಾಳದ ಬೆಳ್ಯಾಗ ಒಂದೊಂದ ಸಾಲ ಹಿಡದ್ರು. ಸರ್ಕಾರ ಒಂದ ಸಾಲಿನ್ಯಾಗ, ರಯತ ಮಂದಿ ಬಾಜೂ ಸಾಲಿನ್ಯಾಗ. ರಾಜ್ಯ ಒಂದಾಗಿದ್ದು ಖರೇ ಅಂದ್ರ ಅವತ್ತೇ ನೋಡ್ರಿ.

ಬಡಿಸೂ ಗದ್ದಲದಾಗ ನಾನೂ ನಮ್ಮನಿಯವ್ರೂ ಇನ್ನೂ ಕುಡದಿರಲಿಲ್ಲ. ಮೀರಾಬಾಯಿ ಬಾಜೂ ಊರಿಗಿ ಸಿಡುಬಿನ ಸೂಜಿ ಹಾಕಲಿಕ್ಕ ಬಂದಿದ್ದಳು. ನಮ್ಮನಿಯವ್ರು ಸೈಕಲ್ ಮ್ಯಾಲ ಓಡಿ ಕರಕೊಂಡ ಬಂದ್ರು. ಆಕಿ ಬಂದವಳೇ ಹಂಡೆಯೊಳಗ ಬೆರಳ ಎಳದಳು. ಹಸರ ಕಿಲುಬು!

"ಯಾ ಶಾಣ್ಯಾ ಇದರಾಗ ಹುಳಿ ಇಟ್ಟವ?"

ಎಲ್ಲಾರೂ ಮಾವನ ಕಡಿ ನೋಡಿದ್ರು. ಆಕಿ ಹಂಡೆ ಒದ್ದು ಉರುಳಿಸಿ, ಒಲಿ ಮ್ಯಾಲ ನೀರು ಕುದಸಿ ಆರಿಸಿ, ಉಪ್ಪು ಬೆಲ್ಲ ಹಾಕಿ, ತನ್ನ ಅಲ್ಯೂಮಿನಿಯಂ ಜರ್ಮನ್ ಗ್ಲಾಸಿನಿಂದ ಗುಟುಕ ಗುಟುಕ ಕುಡಸಲಿಕ್ಕ ಹತ್ತಿದಳು. ಸಾಹೇಬ್ರು ಕುಡದ್ರು. ಅತ್ತಿ ಕುಡದ್ರು. ಮಾವ ಹಲ್ಲ ಕಚ್ಚಿಕೊಂಡು ಮಕ್ಕೊಂಡ್ರು. "ಆಕಿ ಕೈ ನೀರು ನಾ ಮುಟ್ಟೂದಿಲ್ಲ."

ಅವರ ಕಣ್ಣು ಒಳಗ ಹೋಗಿದ್ವು, ಕೈಕಾಲು ತಣ್ಣಗ. ಮೀರಾಬಾಯಿ ನಾಡಿ ಹಿಡದು ನನಗ ಮೆಲ್ಲಕ ಅಂದಳು: "ತಂಗಿ, ಹಿಂಗೇ ಇದ್ರ ಮುದುಕ ಹೊತ್ತ ಮುಳಗೂತನಕ ಉಳಿಯೂದಿಲ್ಲ."

"ನಾನೇ ಕುದಸೇನಿ ಅಂತ ಸುಳ್ಳ ಹೇಳಿ ಕುಡಸಲೇನ್ರಿ?"

ಆಕಿ ನನ್ನ ಮಾರಿ ನೋಡಿದಳು. "ಹೇಳು. ಜೀವ ದೊಡ್ಡದು. ಆದ್ರ ನನಗ ನೋವಾಗ್ತದ, ಅದೂ ತಿಳಕೊ."

ನನಗ ನಾಚಿಕಿ ಬಂತು. ಆಕಿ ಕೊಟ್ಟ ಗ್ಲಾಸು ಹಿಡಕೊಂಡು ಹಂಗೇ ನಿಂತೆ.

ಆಗ ಅತ್ತಿ ಎದ್ರು. ಮೂವತ್ತ ವರ್ಷ ಗಂಡನ ಮುಂದ ದನಿ ಎತ್ತದಾಕಿ. ತಲಿ ಮ್ಯಾಲಿನ ಸೆರಗು ಅವತ್ತು ಎಲ್ಲಿ ಬಿದ್ದಿತ್ತೋ. ಗ್ಲಾಸು ನನ್ನ ಕೈಯಾಗಿಂದ ಕಸಗೊಂಡು ಮೀರಾಬಾಯಿ ಕೈಗೇ ತಿರಗಿ ಕೊಟ್ಟು, ಗಂಡನ ಎದಿ ಹತ್ತಿರ ಕೂತ್ರು.

"ಇದು ಮೀರಾಬಾಯಿ ಕುದಸಿದ ನೀರು. ನಾ ಕುಡದೇನಿ, ಎದ್ದು ಕೂತೇನಿ. ನಿಮ್ಮ ಹಂಡೆದು ಕುಡದಾಗ ಏನಾಯ್ತು ನೋಡಿದ್ರಲ್ಲ? ನೀವೇನೋ ಸತ್ತು ಜಾತಿ ಉಳಸ್ಕೋತೀರಿ, ಬಳಿ ಒಡಕೊಳ್ಳಾಕಿ ನಾನು. ನಾ ಒಲ್ಲೆ! ತೆಗೀರಿ ಬಾಯಿ!"

ಮೂಗ ಹಿಡದ್ರು. ಬಾಯಿ ತೆಗೀತು. ಮೀರಾಬಾಯಿ ನೀರು ಬಿಟ್ಟಳು.

ಮಾವ ಮುಂದ ಹನ್ನೆರಡ ವರ್ಷ ಗಟ್ಟಿಮುಟ್ಟಾಗಿ ಬದುಕಿದ್ರು. ಊರ ಮಂದಿ ಚಾಷ್ಟಿ ಮಾಡಿದ್ರ, "ನನಗ ಎಚ್ಚರಾನೇ ಇರಲಿಲ್ಲ, ಯಾರು ಕುಡಸಿದ್ರೋ ಏನೋ" ಅಂತಿದ್ರು. ಮೀರಾಬಾಯಿನೂ ಅದನ್ನ ಕೇಳ್ಯಾಳ, ಆದ್ರ ಯಾರಿಗೂ ಏನೂ ಹೇಳಲಿಲ್ಲ.

ನಾ ಹೇಳ್ತೇನಿ. ಸುಳ್ಳರಿ, ಅಪ್ಪಟ ಸುಳ್ಳು. ಮೊದಲನೇ ಗ್ಲಾಸಿಗಷ್ಟೇ ಮೂಗ ಹಿಡದಿದ್ದು. ಎರಡನೇದಕ್ಕ ಮುದುಕ ಕಣ್ಣ ತೆರದು, ಆಕಿನ್ನ ನೋಡಿ, "ಇನ್ನ ಸ್ವಲ್ಪ ಕೊಡವಾ ಮೀರಾಬಾಯಿ" ಅಂತ ಹೆಸರ ಹಿಡದು ಕೇಳಿ ಕುಡದಾನ.