ತಮ್ಮನ ಒಸಡು, ನನ್ನ ಗಾಬರಿ

ಸುರಪುರದ ಬಸ್ಸಿನಲ್ಲೇ ತಮ್ಮನಿಗೆ ಫಿಟ್ಸ್ ಬರಬಹುದಿತ್ತು. ಶಹಾಪುರದ ಹಲ್ಲಿನ ದವಾಖಾನೆಯ ಕುರ್ಚಿಯ ಮೇಲೆ, ಬಾಯಿ ತೆರೆದಿರುವಾಗಲೇ ಬರಬಹುದಿತ್ತು. ಡಾಕ್ಟರರ ಬೆರಳನ್ನು ಅವನು ಕಚ್ಚಬಹುದಿತ್ತು. ಕಣ್ಣಿಗೆ ಹೊಡೆಯುವ ದೀಪ, ಗುಂಯ್‌ಗುಡುವ ಮಷೀನು, ಗಂಟಲಿಗಿಳಿಯುವ ನೀರು. ಆಮೇಲೆ ಕರೆಂಟು. ಕರೆಂಟು ಯಾಕೆ ಎಂದು ಕೇಳಬೇಡಿ; ನನ್ನ ಚಿಂತೆಗೆ ಕಾರಣ ಬೇಕಿಲ್ಲ, ಜಾಗ ಸಿಕ್ಕರೆ ಸಾಕು.

ತಮ್ಮನಿಗೆ ಚಿಕ್ಕಂದಿನಿಂದ ಜೋರು ಮೂರ್ಛೆರೋಗ. ಅದನ್ನು ಹಿಡಿದಿಟ್ಟ ಗುಳಿಗೆಯೇ ಒಸಡನ್ನು ಉಬ್ಬಿಸಿ ಅರ್ಧ ಹಲ್ಲು ಮುಚ್ಚಿತ್ತು. ಬ್ರಷ್ ತಾಗಿದರೆ ರಕ್ತ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ತಿನ್ನಬೇಕು. ನರರೋಗದ ಡಾಕ್ಟರರು ಗುಳಿಗೆ ಬದಲಿಸಿದ ಮೇಲೆ ಉಬ್ಬು ಇಳಿದಿತ್ತು. ಇನ್ನು ಹಲ್ಲು ಸ್ವಚ್ಛ ಮಾಡಿಸುವುದೊಂದು ಬಾಕಿ. ಅದು ಸುಸೂತ್ರವಾದರೆ ಖಡಕ್ ರೊಟ್ಟಿ. ಅವನಿಗಿದ್ದದ್ದು ಅದೊಂದೇ ಆಸೆ.

"ಮುಂಜಾನಿ ಗುಳಿಗಿ ತಗೊಂಡೀರಿಲ್ಲ?" ಎಂದು ಡಾಕ್ಟರ್ ಅವನನ್ನು ಕೇಳಿದರು.

"ತಗೊಂಡೀನ್ರಿ. ನುಂಗೀನೋ ಇಲ್ಲೋ ಅಂತ ಅಕ್ಕ ನಾಲಗಿ ಎತ್ತಿಸಿ ನೋಡ್ಯಾಳ."

ಡಾಕ್ಟರರ ಕಣ್ಣು ನನ್ನ ಮುಷ್ಟಿಗೆ ಬಿತ್ತು. "ಅದೇನ್ರಿ ಅಕ್ಕಾರ, ಕೈಯಾಗ?"

ಸ್ಟೀಲಿನ ಚಮಚ. ಫಿಟ್ಸ್ ಬಂದವರ ಹಲ್ಲಿನ ನಡುವೆ ಚಮಚ ತುರುಕುವುದು ನಮ್ಮ ಓಣಿಯ ಪದ್ಧತಿ ಎಂದೆ.

"ಹಂಗಾರ ಇವರ ಮುಂದಿನ ಹಲ್ಲು ಮುರದದ್ದು ಹೆಂಗಂತ ಈಗ ತಿಳೀತ ನೋಡ್ರಿ! ಫಿಟ್ಸ್ ಬಂದ್ರ ಬಾಯಾಗ ಏನೂ ಹಾಕಬಾರದ್ರಿ, ಒಂದ್ ಮಗ್ಗಲಾಗಿ ಮಲಗಸಬೇಕು. ಚಮಚಾ ಚಹಾಕ್ಕಿರಲಿ."

"ಡಾಕ್ಟರ್ರ, ಮೊದಲ ಅಕ್ಕಗ ಒಂದ್ ಗುಳಿಗಿ ಕೊಡ್ರಿ," ಎಂದ ತಮ್ಮ. "ನಾ ಆರಾಮ ಅದೀನಿ."

ಬೆಳಕು ಚುಚ್ಚದಂತೆ ಅವನಿಗೆ ಕಪ್ಪು ಕನ್ನಡಕ ಹಾಕಿದರು. ಮಷೀನು ಶುರುವಾಯಿತು. ಅವನಿಗೆ ಫಿಟ್ಸ್ ಬರುವ ಮುನ್ನ ಎಡಗೈ ಹೆಬ್ಬೆರಳು ಅದುರುತ್ತದೆ. ನಾನು ಆ ಹೆಬ್ಬೆರಳನ್ನೇ ನೋಡುತ್ತ ನಿಂತೆ. ಅದುರಲಿಲ್ಲ. ಮೇಲಿನ ಸಾಲು ಮುಗಿಯಿತು. ಅದುರಲಿಲ್ಲ! ಕೆಳಗಿನ ಸಾಲೂ ಮುಗಿಯಿತು. ಅವನು ಆ ಹೆಬ್ಬೆರಳನ್ನೇ ಎತ್ತಿ ನನಗೆ ತೋರಿಸಿದ.

ಕನ್ನಡಿ ಕೊಟ್ಟರು. "ಅಬಾಬಾ! ನನ್ನ ಹಲ್ಲ ಇಷ್ಟ ಉದ್ದ ಅದಾವೇನು?"

ಒಸಡಿನ ಉರಿ ಪೂರ್ತಿ ಆರಿದ ಮೇಲೆ, ಒಂದು ಮಧ್ಯಾಹ್ನ, ಖಡಕ್ ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ಅವನು ಕಚ್ಚಿದ. ಕಟಕ್! ಇಡೀ ಪಡಸಾಲೆಗೆ ಕೇಳಿಸಿತು. ಬಾಯಿ ತೆರೆಸಿ ನೋಡಿದೆ. ಒಂದು ಹನಿ ರಕ್ತವಿಲ್ಲ.

ಖುಷಿ ತಡೆಯಲಾರದೆ ಅವನ ಕೈಯ ರೊಟ್ಟಿಯನ್ನೇ ಕಸಿದು ನಾನೂ ಕಚ್ಚಿದೆ. ನನ್ನ ದವಡೆ ಹಲ್ಲಿನ ಚೂರೊಂದು ಅಂಗೈಗೆ ಬಂತು.