ಅರದ ಗೀರು ಓದುವವರು

ವಸ್ತುಸಂಗ್ರಹಾಲಯದ ನಾಣ್ಯ ಪರೀಕ್ಷಕರಿಗೆ ರಾಜರ ಮುಖದ ಗೊಡವೆಯೇ ಇಲ್ಲ. ನಾಣ್ಯ ಕೈಗೆ ಬಂದೊಡನೆ ಭೂತಗನ್ನಡಿ ಹಿಡಿದು, ತೂಕ ಸರಿಪಡಿಸಲೆಂದು ಅಂಚಿಗೆ ಅರ ಉಜ್ಜಿದ ಗೀರುಗಳನ್ನೇ ಓದುತ್ತಾರೆ. “ಇವನು ಎಡಚ, ಮೈಗಳ್ಳ ಬೇರೆ!” ಎಂದು ಮುನ್ನೂರು ವರ್ಷಗಳ ಹಿಂದೆ ಸತ್ತ ಟಂಕಸಾಲೆಯ ಕೆಲಸಗಾರನನ್ನು ಗದರುತ್ತಾರೆ. “ಸತ್ತವರ ಕೈಗುರುತು ಹಿಡೀತೀರಿ, ನಿಮ್ಮ ಕೊಡೆ ಯಾವುದು ಅಂತ ಮಾತ್ರ ಗೊತ್ತಾಗಲ್ಲ” ಎಂದು ಹೆಂಡತಿ ಛೇಡಿಸುತ್ತಾರೆ. ಮೊನ್ನೆ ಮುದುಕಿಯೊಬ್ಬರು ತೀರಾ ಹಳೆಯದೆಂದು ತಂದ ನಾಣ್ಯವನ್ನು ನೋಡಿ ಮಾತ್ರ ಅವರು ಯಾರನ್ನೂ ಬೈಯಲಿಲ್ಲ. ಮೂರು ಉದ್ದ ಗೀರು, ಕೊನೆಗೊಂದು ಗಿಡ್ಡ: ಬೀಗ ರಿಪೇರಿ ಮಾಡುತ್ತಿದ್ದ ತಮ್ಮ ಅಪ್ಪ ಮನೆಯ ಪ್ರತಿಯೊಂದು ಬೀಗದಕೈಯ ಮೇಲೂ ಬಿಟ್ಟುಹೋದ ಗುರುತು ಅದೇ. ಬಹಳ ಹೊತ್ತು ಕನ್ನಡಕ ಒರೆಸಿ, “ನಕಲಿ” ಎಂದು ಬರೆದು, ಮೆಲ್ಲಗೆ ಕೇಳಿದರು: “ಅಮ್ಮಾ, ಇದನ್ನ ನನಗೇ ಕೊಡ್ತೀರಾ? ಕೆಲಸ ಬಹಳ ಚೆನ್ನಾಗಿದೆ.”