ಎದುರುಗಾಳಿ ನಿಂತ ಸಂಜೆ

ದೆವ್ವ-ಭೂತದ ಮಾತು ಬಂದರೆ ನಗುತ್ತಿದ್ದವಳು ನಾನು. ಸೈಕಲ್ ರೇಸು ನನ್ನ ವೃತ್ತಿ. ತಾಸುಗಟ್ಟಲೆ ಒಬ್ಬರೇ ತುಳಿಯುವಾಗ ತಲೆಯಲ್ಲಿ ಏನೇನೋ ಸುಳಿಯುತ್ತದೆ. ದಣಿವು ಎಂದು ಬಿಟ್ಟುಬಿಡುತ್ತೇವೆ. ಈಗ ಹೇಳುವುದನ್ನು ಮಾತ್ರ ಹಾಗೆ ಬಿಡಲು ಇಷ್ಟು ವರ್ಷಗಳಾದರೂ ನನ್ನಿಂದ ಆಗಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ.

ನನಗೆ ಸೈಕಲ್ ಹುಚ್ಚು ಹಿಡಿಸಿದವಳು ನರೇಗಲ್ಲಿನ ಶಾಂತಕ್ಕ. ಹೊಲದ ಕೂಲಿಗೆ ಹೋಗುವ ಮನೆಯಿಂದ ಬಂದು ಪದಕಗಳನ್ನು ಗೆದ್ದವಳು. ಎದುರುಗಾಳಿ ಇದ್ದಾಗ ಮುಂದಿನವರ ಗಾಲಿಗೆ ಅಂಟಿಕೊಂಡು ಓಡಿಸಿದರೆ ಗಾಳಿಯೆಲ್ಲ ಅವರಿಗೆ ಬಡಿಯುತ್ತದೆ, ಹಿಂದಿನವರ ಶ್ರಮ ಉಳಿಯುತ್ತದೆ. ಆಕೆ ಯಾವಾಗಲೂ ತಾನೇ ಮುಂದಿದ್ದು, 'ನನ್ನ ಗಾಲಿ ಬಿಡಬ್ಯಾಡವಾ' ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ನರೇಗಲ್ ದಾರಿಯಲ್ಲಿ ಒಬ್ಬಳೇ ಅಭ್ಯಾಸ ಮಾಡುವಾಗ ಲಾರಿ ಬಡಿದು ಸತ್ತಳು.

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿಬಿಟ್ಟೆ. ಆದರೆ ವೃತ್ತಿಪರ ತಂಡವೊಂದು ಆಯ್ಕೆಗೆ ಕರೆದಿತ್ತು. ಆ ಅವಕಾಶ ಮತ್ತೆ ಬರುವಂಥದಲ್ಲ. ಅಪ್ಪ ರೋಣದ ಪೇಟೆಯಲ್ಲಿದ್ದ ತಮ್ಮ ಕಾಳಿನ ಅಂಗಡಿ ಮುಚ್ಚಿ, ಬೈಕಿನಲ್ಲಿ ಹಿಂದೆಯೇ ಬರುತ್ತೇನೆಂದು ಹೇಳಿ ನನ್ನನ್ನು ಮತ್ತೆ ಅಭ್ಯಾಸಕ್ಕೆ ಹೊರಡಿಸಿದರು.

ಆಷಾಢ. ಗಜೇಂದ್ರಗಡಕ್ಕೆ ಹೋಗುವಾಗ ಗಾಳಿ ಬೆನ್ನಿಗಿತ್ತು. ಸಂಜೆ ಮರಳುವಾಗ ಮುಖಕ್ಕೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಬಿಡದೆ ತಿರುಗುತ್ತಿದ್ದವು. ಕಾಲು ಸೋತು, ಇನ್ನು ಇಳಿದುಬಿಡೋಣ ಅನ್ನುವಷ್ಟರಲ್ಲಿ ಗಾಳಿ ನಿಂತಿತು. ನಿಂತದ್ದು ನನಗೆ ಮಾತ್ರ. ಎರಡೂ ಬದಿಯ ಗೋವಿನಜೋಳ ನನ್ನ ಕಡೆಗೇ ಬಾಗಿ ಹೊಯ್ದಾಡುತ್ತಿತ್ತು.

ಮುಂದೆ ಯಾರೂ ಇರಲಿಲ್ಲ. ತುಸು ಎಡಕ್ಕೆ ಸರಿದರೆ ಗಾಳಿ ಬಡಿಯುತ್ತಿತ್ತು; ಮತ್ತೆ ಅದೇ ಜಾಗಕ್ಕೆ ಬಂದರೆ ಇಲ್ಲ. ಆ ಮರೆ ನನಗೆ ಚೆನ್ನಾಗಿ ಗೊತ್ತಿತ್ತು. ಅದು ವೇಗ ಹೆಚ್ಚಿಸಿತು, ನಾನೂ ಹೆಚ್ಚಿಸಿದೆ. ಹೆದರಿಕೆ ಆಗಲಿಲ್ಲ. ಬಹಳ ದಿನಗಳ ಮೇಲೆ ಮನಸ್ಸಿಗೆ ಸುಖವಾಗಿತ್ತು.

ಎಚ್ಚರವಾದದ್ದು ಅಪ್ಪ ಬೈಕನ್ನು ಅಡ್ಡ ಹಾಕಿದಾಗ. ರೋಣಕ್ಕೆ ಹೋಗಬೇಕಾದವಳು ನರೇಗಲ್ ದಾರಿ ಹಿಡಿದಿದ್ದೆ. ಶಾಂತಕ್ಕ ಬಿದ್ದ ತಿರುವು ಎದುರಿಗೇ ಇತ್ತು.

ಎಷ್ಟು ಹಾರ್ನ್ ಹೊಡೆದರೂ ನಾನು ತಿರುಗಿ ನೋಡಲಿಲ್ಲವಂತೆ. ಅಪ್ಪ ಮೆಲ್ಲಗೆ ಕೇಳಿದರು: 'ಯಾರ ಕೂಡ ಮಾತಾಡಾಕತ್ತಿದ್ದಿವಾ?'

ಮಾತಾಡಿದ ನೆನಪೇ ನನಗಿರಲಿಲ್ಲ. 'ಏನಂತಿದ್ದೆ ಅಪ್ಪಾ?' ಎಂದೆ.

'ಬಂದೆ ಅಕ್ಕಾ, ಬಂದೆ ಅಂತಿದ್ದಿ.'

ತಂಡಕ್ಕೆ ಆಯ್ಕೆಯಾದೆ. ಇವತ್ತಿಗೂ ಅದೇ ತಂಡದಲ್ಲಿದ್ದೇನೆ. ಎದುರುಗಾಳಿ ಬಂದರೆ ನಾನೇ ಮುಂದಾಗಿ ಉಳಿದವರನ್ನು ಎಳೆಯುತ್ತೇನೆಂದು ಜೊತೆಯವರಿಗೆ ಮೆಚ್ಚುಗೆ. ಇನ್ನೊಬ್ಬರ ಮರೆಯಲ್ಲಿರಲು ನನಗೆ ಧೈರ್ಯವಿಲ್ಲ ಎಂಬುದು ಅವರಿಗೆ ತಿಳಿಯದು.

ಹೋದ ವರ್ಷ ಒಂದು ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಒಬ್ಬಳೇ ಬರುತ್ತಿದ್ದೆ. ಗೆಲುವಿನ ಗೆರೆ ಕಾಣುತ್ತಿತ್ತು. ಆಗ ಮುಖಕ್ಕೆ ಬಡಿಯುತ್ತಿದ್ದ ಗಾಳಿ ತಟ್ಟನೆ ಇಲ್ಲವಾಯಿತು. ನಾನು ಬ್ರೇಕ್ ಹಿಡಿದೆ. ಹಿಂದಿನವರೆಲ್ಲ ದಾಟಿ ಹೋದರು.

ಅಪ್ಪನಿಗೆ ಫೋನ್ ಮಾಡಿ, ಸೋತೆನೆಂದಷ್ಟೇ ಹೇಳಿದೆ. ಅವರು, 'ಗಾಳಿ ನಿಂತಿತ್ತೇನವಾ?' ಎಂದರು.

ಗಾಳಿಯ ಸಂಗತಿಯನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.